ಟಕ್ ಟಕ್ ಅನ್ನೋ ಡ್ರೈವು, ಒಳಗೆ ಅಜ್ಜಿಯ ಹಾಡು

ಪ್ರಶ್ನೆ: ನಾವಿರೋದು ಡೊಂಬಿವಲಿಯಲ್ಲಿ. ಅಪ್ಪನ ಹತ್ರ ಇದ್ದ 40 ಕ್ಯಾಸೆಟ್, ಊರಿನ ತಾಳಮದ್ದಳೆ, ಅಜ್ಜಿ ಹೇಳಿದ ದಾಸರ ಪದ ಎಲ್ಲಾ ಕಂಪ್ಯೂಟರಿಗೆ ಇಳಿಸಿ, ಸಿನಿಮಾ ಹಾಡೂ ಸೇರಿಸಿ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಲ್ಲಿ ಇಟ್ಟೆ. ಲ್ಯಾಪ್‌ಟಾಪಲ್ಲಿ ಜಾಗ ಇಲ್ಲ ಅಂತ ಅಲ್ಲಿಂದ ಅಳಿಸಿದೆ, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ಎಸೆದಾಯ್ತು. ಈ ಮಳೆಗಾಲದಿಂದ ಡ್ರೈವ್ ಟಕ್ ಟಕ್ ಅಂತಿದೆ. ಪುಣೆಯಲ್ಲಿ ಮಗಳ ಮ್ಯಾಕಿಗೆ ಹಾಕಿದ್ರೆ ಹಾಡು ಕೇಳತ್ತೆ, ಹೊಸದು ಹಾಕೋಕೆ ಬಿಡಲ್ಲ. ಎಸ್‌ಎಸ್‌ಡಿ, ಅದೇ ಚಿಪ್ಪಲ್ಲಿ ಫೈಲ್ ಇಡೋ ಡ್ರೈವ್, ತಗೊಂಡ್ರೆ ಸರಿಹೋಗತ್ತಾ?

ಉತ್ತರ: ಎಸ್‌ಎಸ್‌ಡಿ ಮಾತು ಆಮೇಲೆ, ಮೊದ್ಲು ಹಳೇ ಡ್ರೈವಲ್ಲಿ ಹಾಡು ಕೇಳೋದು ನಿಲ್ಸಿ, ಟಕ್ ಟಕ್ ಅಂದ್ರೆ ಅದು ಕೆಡ್ತಾ ಇರ್ಬಹುದು. ಕೆಲವು ಸಲ ಕೇಬಲ್ ಹಾಳಾಗಿ ಕರೆಂಟ್ ಸಾಲದೇನೂ ಹಾಗೆ ಸದ್ದು ಬರತ್ತೆ, ಹಾಗಾಗಿ ಬೇರೆ ಕೇಬಲ್ ಹಾಕಿ ನೇರ ಲ್ಯಾಪ್‌ಟಾಪಿಗೇ ಚುಚ್ಚಿ ಒಂದೇ ಒಂದು ಸಲ ನೋಡಿ. ಫೋಲ್ಡರ್ ತೆರೆದ್ರೆ ತಕ್ಷಣ ಕ್ಯಾಸೆಟ್ಟಿನದ್ದು ಮಾತ್ರ ಕಾಪಿ ಮಾಡ್ಕೊಳ್ಳಿ, ಸಿನಿಮಾ ಹಾಡು ಎಲ್ಲಾದ್ರೂ ಮತ್ತೆ ಸಿಗತ್ತೆ, ಅಜ್ಜಿ ದನಿ ಯಾವ ಅಂಗಡೀಲೂ ಸಿಗಲ್ಲ ನೋಡಿ. ರಿಪೇರ್ ಮಾಡ್ಲಾ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಫ್ರೀಜರಲ್ಲಿಟ್ರೆ ಸರಿಹೋಗತ್ತೆ ಅಂತ ಹೇಳೋರು ಇರ್ತಾರೆ, ದಯವಿಟ್ಟು ಕೇಳ್ಬೇಡಿ, ನಮ್ಮ ಕಡೆ ತೇವಕ್ಕೆ ಹೊರಗೆ ತೆಗೆದ ಕೂಡ್ಲೇ ಒಳಗೆಲ್ಲ ನೀರು ಕಟ್ಟತ್ತೆ. ತೆರೀಲಿಲ್ಲ ಅಂದ್ರೆ ಅಲ್ಲಿಗೇ ಬಿಟ್ಟು ಡೇಟಾ ರಿಕವರಿ ಮಾಡೋರ ಹತ್ರ ಹೋಗಿ, ಫೈಲ್ ಸಿಗದಿದ್ರೂ ದುಡ್ಡು ತಗೋತಾರಾ ಅಂತ ಮುಂಚೇನೇ ಕೇಳಿ.

ಮ್ಯಾಕ್ ತಪ್ಪೇನಿಲ್ಲ. ನಿಮ್ಮ ಡ್ರೈವ್ ಎನ್‌ಟಿಎಫ್‌ಎಸ್ ಅನ್ನೋ ವಿಂಡೋಸ್ ಮಾದರೀಲಿ ಫಾರ್ಮ್ಯಾಟ್ ಆಗಿದೆ ಅನ್ಸತ್ತೆ, ಮ್ಯಾಕ್ ಅದನ್ನ ಓದತ್ತೆ, ಆದ್ರೆ ಅದರೊಳಗೆ ಬರೆಯಲ್ಲ. ಹೊಸ ಡ್ರೈವನ್ನ ಹಾಡು ತುಂಬೋ ಮುಂಚೆ ಎಕ್ಸ್‌ಫ್ಯಾಟ್ ಅನ್ನೋ ಮಾದರೀಲಿ ಫಾರ್ಮ್ಯಾಟ್ ಮಾಡಿದ್ರೆ ವಿಂಡೋಸ್, ಮ್ಯಾಕ್ ಎರಡಕ್ಕೂ ಆಯ್ತು, ಆದ್ರೆ ಇಜೆಕ್ಟ್ ಕೊಡದೆ ಕಿತ್ತುಕೊಳ್ಳೋ ಅಭ್ಯಾಸ ಇದ್ರೆ ಅದು ಬೇಗ ಕೆಡತ್ತೆ.

ಈಗ ಎಸ್‌ಎಸ್‌ಡಿ. ಬಿದ್ರೆ ತಡ್ಕೊಳ್ಳತ್ತೆ, ಸದ್ದಿಲ್ಲ, ನಿಜ. ಆದ್ರೆ ಹಾಡಿಗೆ ಆ ಸ್ಪೀಡ್ ಬೇಕೇ ಇಲ್ಲ, ಸಿಡಿ ಗುಣಮಟ್ಟದ ಹಾಡಿಗೂ ಸೆಕೆಂಡಿಗೆ 1411 ಕಿಲೋಬಿಟ್ ಸಾಕು, ಹಳೇ ಹಾರ್ಡ್ ಡಿಸ್ಕಿಗೂ ಅದು ಲೆಕ್ಕಕ್ಕಿಲ್ಲ. ಮೇಲಾಗಿ ಎಸ್‌ಎಸ್‌ಡಿನ ಕರೆಂಟ್ ಕೊಡದೆ ವರ್ಷಗಟ್ಟಲೆ ಕಪಾಟಲ್ಲಿ ಹಾಕಿಟ್ರೆ ಅದ್ರೊಳಗಿನ ಚಾರ್ಜ್ ಇಳಿದು ಫೈಲ್ ಹೋಗೋ ಸಾಧ್ಯತೆ ಇದೆ. ನಾನಾದ್ರೆ ಅದೇ ದುಡ್ಡಿಗೆ ಎರಡು ಸಾದಾ ಹಾರ್ಡ್ ಡಿಸ್ಕ್ ತಗೋತೀನಿ, ಬೇರೆ ಬೇರೆ ಕಂಪನೀದು, ಒಂದೇ ಸಲ ಎರಡೂ ಕೈಕೊಡಬಾರ್ದು ಅಂತ. ದೊಡ್ಡದೂ ಬೇಡ. 90 ನಿಮಿಷದ ಕ್ಯಾಸೆಟ್ಟನ್ನ ಸಿಡಿ ಗುಣಮಟ್ಟದ ವೇವ್ ಫೈಲ್ (ದನೀನ ಕುಗ್ಗಿಸದೆ ಇಡೋದು) ಮಾಡಿದ್ರೆ ಸುಮಾರು 950 ಎಂಬಿ, 40 ಕ್ಯಾಸೆಟ್ಟಿಗೆ 38 ಜಿಬಿ ಅಷ್ಟೇ. ಫ್ಲ್ಯಾಕ್ ಅನ್ನೋ ಕುಗ್ಗಿಸಿದ ಫೈಲ್ ಮಾಡಿದ್ರೆ ಏನೂ ಕಳ್ಕೊಳ್ಳದೆ ಇನ್ನೂ ಕಮ್ಮಿ ಆಗತ್ತೆ, ಆದ್ರೆ ಕ್ಯಾಸೆಟ್ಟಿನ ಸರ್ ಸರ್ ಸದ್ದು ಇರೋದ್ರಿಂದ ತುಂಬಾ ಏನೂ ಕುಗ್ಗಲ್ಲ. ನೀವು ಆಗ್ಲೇ ಎಂಪಿ3 (ದನಿಯ ಸ್ವಲ್ಪ ಭಾಗ ಬಿಟ್ಟು ಕುಗ್ಗಿಸೋದು) ಮಾಡಿಟ್ಟಿದ್ರೆ ಹಾಗೇ ಬಿಡಿ, ಈಗ ಫ್ಲ್ಯಾಕ್ ಮಾಡಿದ್ರೆ ಜಾಗ ಹೋಗತ್ತೆ, ಹೋದ ದನಿ ವಾಪಸ್ ಬರಲ್ಲ.

ಒಂದು ಡ್ರೈವ್ ಮನೇಲಿ, ಗಾಳಿಯಾಡದ ಡಬ್ಬಿಯೊಳಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರ್ಲಿ. ಇನ್ನೊಂದು ಪುಣೆಗೆ ಮಗಳ ಮನೆಗೆ. ಹಬ್ಬಕ್ಕೆ ಹೋದಾಗ ಚುಚ್ಚಿ ಅಜ್ಜಿಯ ಎರಡು ಪದ ಕೊನೇತನಕ ಕೇಳಿ, ಡ್ರೈವ್ ಚೆಕ್ ಮಾಡಿದ ಹಾಗೂ ಆಗತ್ತೆ.