ಸರಕು ತಡೆಯುವ ಮೊದಲು ಅಮೆರಿಕದ ಕಸ್ಟಮ್ಸ್ ನಮ್ಮ ಮಾತು ಕೇಳುತ್ತದೆಯೇ?

ಇಲ್ಲ, ಕೇಳುವುದಿಲ್ಲ. ಇಳಕಲ್‌ನಿಂದ ಗ್ರಾನೈಟ್ ಸ್ಲ್ಯಾಬ್ ಕಳಿಸುವ ನಿಮಗೆ ಖರೀದಿದಾರ ಬಲವಂತದ ದುಡಿಮೆ ಕುರಿತು ಪ್ರಶ್ನಾವಳಿ ಕಳಿಸಿದ್ದಾನೆ, ಆಗದವರು ಯಾರಾದರೂ ದೂರು ಕೊಟ್ಟರೆ ಗತಿಯೇನು ಎಂದು ಕೇಳಿದ್ದೀರಿ. ಚಿಂತೆಗೆ ಕಾರಣ ಇದೆ. ಅಮೆರಿಕದ ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ಭಾರತದ ಕಲ್ಲು ಬಾಲಕಾರ್ಮಿಕ ಮತ್ತು ಬಲವಂತದ ದುಡಿಮೆ ಎರಡರ ಕೆಳಗೂ ಇದೆ. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಸರಕು ನಿಲ್ಲುವುದಿಲ್ಲ. ನಿಲ್ಲಿಸುವ ಅಧಿಕಾರ ಇರುವುದು ಬಲವಂತದ ದುಡಿಮೆಯ ಸರಕಿನ ಆಮದು ನಿಷೇಧಿಸುವ, ಅಮೆರಿಕದ 1930ರ ಸುಂಕ ಕಾಯ್ದೆಯ 307ನೇ ಕಲಮಿನಲ್ಲಿ.

ದೂರು ಯಾರು ಬೇಕಾದರೂ ಕೊಡಬಹುದು. ಪೂರ್ತಿ ಸಾಬೀತಾಗಬೇಕೆಂದಿಲ್ಲ, ನಂಬಲು ಸಕಾರಣ ಇದ್ದರೆ ತಡೆ ಆದೇಶ ಹೊರಡುತ್ತದೆ. ನಂತರ ಸಿಗುವ ಅವಕಾಶ ಮುಖ್ಯವಾಗಿ ಆಮದುದಾರನದು. ಸರಕು ಆಮದಾದ ದಿನದಿಂದ 3 ತಿಂಗಳೊಳಗೆ ಎರಡು ಕಾಗದ ಸಲ್ಲಬೇಕು: ಬಲವಂತದ ದುಡಿಮೆ ಬಳಸಿಲ್ಲವೆಂದು ನೀವು ಸಹಿ ಮಾಡಿದ, ಸರಕು ಎಲ್ಲಿಂದ ಬಂತೆಂಬ ಪ್ರಮಾಣಪತ್ರ, ಮತ್ತು ಆ ಮೂಲವನ್ನು ತಾನು ಹೇಗೆ ಪರಿಶೀಲಿಸಿದೆನೆಂಬ ಅವನ ಹೇಳಿಕೆ. ಇಲ್ಲವೇ ಸರಕನ್ನು ಬೇರೆ ದೇಶಕ್ಕೆ ಸಾಗಿಸಬೇಕು. ತಿರಸ್ಕೃತವಾದರೆ 180 ದಿನಗಳೊಳಗೆ ತಕರಾರು ಸಲ್ಲಿಸಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯಕ್ಕೆ ಹೋಗುವವನೂ ಅವನೇ. ಆದೇಶ ತೆಗೆಯಿರೆಂದು ನೀವು ಅರ್ಜಿ ಹಾಕಬಹುದು. ಅದನ್ನು ಇಂತಿಷ್ಟು ದಿನದಲ್ಲಿ ತೀರ್ಮಾನಿಸಬೇಕೆಂಬ ಗಡುವು ಮಾತ್ರ ಕಸ್ಟಮ್ಸ್‌ಗಿಲ್ಲ.

ಮೊದಲೇ ನೋಟಿಸ್ ಕೊಡದಿರುವುದನ್ನು ನಾನು ತಪ್ಪೆನ್ನಲಾರೆ. ಕೊಟ್ಟರೆ ರಾತ್ರೋರಾತ್ರಿ ರಿಜಿಸ್ಟರ್ ಬದಲಾಗುತ್ತದೆ, ಬಾಯಿಬಿಟ್ಟ ಕೂಲಿಯವ ಊರು ಬಿಡಬೇಕಾಗುತ್ತದೆ. ಅನ್ಯಾಯ ಕಾಣುವುದು ನಂತರದ ಹಂತದಲ್ಲಿ. ದೂರಿನಲ್ಲಿ ಏನಿತ್ತೆಂಬುದು ಸಾಮಾನ್ಯವಾಗಿ ನಿಮ್ಮ ಕೈಗೆ ಬರುವುದಿಲ್ಲ. ಯಾವ ಆರೋಪಕ್ಕೆ ಉತ್ತರ ಕೊಡಬೇಕೆಂದೇ ಗೊತ್ತಿಲ್ಲದೆ ಉತ್ತರ ಕೊಡಬೇಕು. ಹಾಗೆಂದು ವಿಚಾರಣೆ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಬಾಂಗ್ಲಾದೇಶದ ಸುಂಕ ರಿಯಾಯಿತಿ ರದ್ದುಮಾಡಿ ಎಂಬ ಅರ್ಜಿ 2007ರಲ್ಲೇ ಅಮೆರಿಕದಲ್ಲಿ ಬಿದ್ದಿತ್ತು. ತೀರ್ಮಾನವಾದದ್ದು 2013ರ ಜೂನ್‌ನಲ್ಲಿ, ಗಾರ್ಮೆಂಟ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ. ಅಷ್ಟಾಗಿಯೂ ಸಿದ್ಧ ಉಡುಪಿಗೆ ಆ ರಿಯಾಯಿತಿ ಹೆಚ್ಚುಕಡಿಮೆ ಇರಲೇ ಇಲ್ಲ. ಪೆಟ್ಟು ಬಿದ್ದದ್ದು ಪಿಂಗಾಣಿ, ಪ್ಲಾಸ್ಟಿಕ್‌ನಂಥ ಸರಕಿಗೆ.

ಈಗ ನಿಮ್ಮ ಘಟಕದ ವಿಷಯ. ಸರಕಿನ ಒಂದು ಭಾಗ ಮಾತ್ರ ಬಲವಂತದ ದುಡಿಮೆಯದಾದರೂ ಅಮೆರಿಕದ ಕಾಯ್ದೆ ಹಿಡಿಯುತ್ತದೆ, ಇಷ್ಟು ಪ್ರಮಾಣದವರೆಗೆ ವಿನಾಯಿತಿ ಎಂಬುದಿಲ್ಲ. ನಾಲ್ಕು ಕ್ವಾರಿಯ ಬ್ಲಾಕ್ ಕೊಯ್ದು ಸ್ಲ್ಯಾಬ್‌ಗಳನ್ನು ಒಂದೇ ಬಂಡಲ್‌ನಲ್ಲಿ ಕಟ್ಟಿದರೆ ಒಂದು ಕ್ವಾರಿಯ ತಪ್ಪು ಇಡೀ ಬಂಡಲ್‌ಗೆ ಬರುತ್ತದೆ. ಕ್ವಾರಿಯಲ್ಲಿ ಬ್ಲಾಕ್ ಮೇಲೆ ಬರೆದ ನಂಬರ್, ಬ್ಲಾಕ್ ಗ್ಯಾಂಗ್‌ಸಾಗೆ (ಸ್ಲ್ಯಾಬ್ ಕೊಯ್ಯುವ ಗರಗಸ ಯಂತ್ರಕ್ಕೆ) ಹೋದಾಗ ಅಳಿದುಹೋಗುವುದೇ ದೊಡ್ಡ ತೊಂದರೆ. ಕೊಯ್ದ ಕೂಡಲೇ ಪ್ರತಿ ಸ್ಲ್ಯಾಬ್‌ನ ಅಂಚಿಗೆ ಆ ನಂಬರ್ ಬರೆಸಿ. ಪ್ಯಾಕಿಂಗ್ ಲಿಸ್ಟ್‌ನಲ್ಲೂ, ಗಣಿ ಇಲಾಖೆಯ ಸಾಗಣೆ ಪರ್ಮಿಟ್ಟಿನ ಕಡತದಲ್ಲೂ ಅದೇ ನಂಬರ್ ಇರಲಿ.

ಎರಡನೆಯದು ಕೂಲಿಯವರಿಗೆ ಕೊಡುವ ಅಡ್ವಾನ್ಸ್. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಗೆ 11 ಲಕ್ಷಣ ಹೇಳಿದೆ. ಸಾಲದ ಜೀತ, ಕೂಲಿ ತಡೆಹಿಡಿಯುವುದು, ಗುರುತಿನ ಚೀಟಿ ಇಟ್ಟುಕೊಳ್ಳುವುದು ಅವುಗಳಲ್ಲಿ ಸೇರಿವೆ. ಮೇಸ್ತ್ರಿ ಮೂಲಕ ಕೊಟ್ಟ ಮುಂಗಡ ವರ್ಷದಿಂದ ವರ್ಷಕ್ಕೆ ತೀರದೆ ಉಳಿದಿದ್ದರೆ, ‘ಕಳೆದುಹೋಗಬಾರದು’ ಎಂದು ಕೂಲಿಯವರ ಅಸಲು ಆಧಾರ್ ನಿಮ್ಮ ಆಫೀಸಿನ ಕಪಾಟಿನಲ್ಲಿದ್ದರೆ, ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ನಮ್ಮ ದೇಶದ ಕಾನೂನೂ ಇದರಲ್ಲಿ ಮೆತ್ತಗಿಲ್ಲ: 1976ರ ಜೀತ ರದ್ದತಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ಅದು ಜೀತದ ಸಾಲವಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನದೇ. ಕೂಲಿ ನೇರ ಖಾತೆಗೆ ಹೋಗಲಿ, ಮುಂಗಡದ ಕಡಿತ ತಿಂಗಳ ಚೀಟಿಯಲ್ಲಿ ಕಾಣಲಿ. ಒಂದೇ ಪೆನ್ನಿನಲ್ಲಿ ಒಂದೇ ದಿನ ತುಂಬಿದ ಹಾಜರಿ ಪುಸ್ತಕ ಇಡುವುದಕ್ಕಿಂತ ಇಡದಿರುವುದೇ ವಾಸಿ.

ಬರೀ ಆಡಿಟ್ ವರದಿ ನೆಚ್ಚಬೇಡಿ. ತಮಿಳುನಾಡಿನ ದಿಂಡಿಗಲ್ ಭಾಗದ ಒಂದು ಗಾರ್ಮೆಂಟ್ ಕಾರ್ಖಾನೆಯ ಮೇಲೆ 2022ರ ಜುಲೈ ಕೊನೆಗೆ ಬಂದ ಅಮೆರಿಕದ ತಡೆ ಸೆಪ್ಟೆಂಬರ್ ಮೊದಲ ವಾರವೇ ಸಡಿಲಾಯಿತು. ಅಲ್ಲಿನ ಕಾರ್ಮಿಕ ಸಂಘದ ಜತೆ ಆಡಳಿತ ಅದೇ ಏಪ್ರಿಲ್‌ನಲ್ಲಿ ಒಪ್ಪಂದ ಮಾಡಿಕೊಂಡಿತ್ತು, ಹಾಗಾಗಿ ಸುಧಾರಣೆಯಾಗಿದೆ ಎಂದು ದುಡಿಯುವವರೇ ಹೇಳಬಲ್ಲವರಾಗಿದ್ದರು.

ಯುರೋಪಿಗೂ ಕಳಿಸುತ್ತೀರಾದರೆ ಬಲವಂತದ ದುಡಿಮೆಯ ಸರಕಿನ ಮೇಲೆ ಅಲ್ಲಿನ ನಿಯಮ 2027ರ ಡಿಸೆಂಬರ್ 14ರಿಂದ ಜಾರಿ. ಅಲ್ಲಿ ಸಾಬೀತು ಮಾಡುವ ಹೊಣೆ ಅಧಿಕಾರಿಗಳದು, ತೀರ್ಮಾನಕ್ಕೆ 9 ತಿಂಗಳ ಗುರಿಯೂ ಇದೆ. ನನ್ನ ಮಟ್ಟಿಗೆ ಅದೇ ಹೆಚ್ಚು ನ್ಯಾಯದ ದಾರಿ. ಆದರೆ ಉತ್ತರ ಕೊಡದೆ ಕೂತರೆ ಕೈಲಿರುವ ಮಾಹಿತಿಯ ಮೇಲೆಯೇ ತೀರ್ಪು ಬರೆಯುತ್ತಾರೆ.

ಪ್ರಶ್ನಾವಳಿಗೆ ಸಹಿ ಹಾಕುವ ಮೊದಲು ಖರೀದಿ ಕರಾರಿನಲ್ಲಿ ಎರಡು ಸಾಲು ಸೇರಿಸಲು ಹೇಳಿ: ತಡೆ ಬಿದ್ದರೆ ನಿಮ್ಮ ಕಾಗದಗಳನ್ನು ಅವನು ಗಡುವಿನೊಳಗೆ ಕಸ್ಟಮ್ಸ್‌ಗೆ ಸಲ್ಲಿಸಲೇಬೇಕು, ಸರಕು ಬಂದರಿನಲ್ಲಿ ತಡವಾಗಿ ಉಳಿದರೆ ಬೀಳುವ ಶುಲ್ಕ, ಅಂದರೆ ಡೆಮರೇಜ್, ಯಾರ ತಲೆಗೆ ಎಂಬುದು ಈಗಲೇ ನಿಗದಿಯಾಗಬೇಕು.