ಈರುಳ್ಳಿ ನೆನಪಿಟ್ಟ ಹುಡುಗನ ಹೆಸರೇನು?

ಡೊಂಬಿವಲಿಯ ಹಿರಿಯ ಓದುಗರೊಬ್ಬರ ಪತ್ರ ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲಿದೆ. ಉದ್ದದ ಪತ್ರ. ಮುಖ್ಯ ಭಾಗ ಇಷ್ಟು:

"ನಮ್ಮ ಮದುವೆಗೆ ಐವತ್ತು ವರ್ಷ ತುಂಬಿದ ಸಲುವಾಗಿ ಮಗ, ಸೊಸೆ ಸೇರಿ ಮುಂಬಯಿಯಿಂದ ಗೋವಾಕ್ಕೆ ಹೋಗಿಬರುವ ಕ್ರೂಸ್ ಹಡಗಿನಲ್ಲಿ ಮೂರು ರಾತ್ರಿ ಕಳೆಯಲು ಕಳಿಸಿದರು. ಊಟದ ವೈಭವ ಹೇಳತೀರದು. ಈರುಳ್ಳಿ, ಬೆಳ್ಳುಳ್ಳಿ ನಮಗೆ ಆಗುವುದಿಲ್ಲ ಎಂದು ಮೊದಲ ದಿನ ಒಂದೇ ಸಲ ಹೇಳಿದ್ದೆ. ಮರುದಿನದಿಂದ ನಾವು ಕೂರುವುದೇ ತಡ, ನಮ್ಮ ತಟ್ಟೆ ಬೇರೆಯೇ ಬರುತ್ತಿತ್ತು. ಆದರೆ ಕೊನೆಯ ದಿನ ಬಿಲ್ಲು ನೋಡಿದರೆ ಸಿಬ್ಬಂದಿಯ ಟಿಪ್ಸ್ ಎಂದು ದಿನಕ್ಕೆ ತಲೆಗಿಷ್ಟು ಸೇರಿಸಿದ್ದಾರೆ! ಅಷ್ಟು ದುಡ್ಡು ಕೊಟ್ಟು ಟಿಕೆಟ್ ತೆಗೆದ ಮೇಲೆ ಇದೇಕೆ? ಅವರಿಗೆ ಸಂಬಳ ಇಲ್ಲವೇ? ಕೌಂಟರಿಗೆ ಹೋಗಿ ಜಗಳ ಮಾಡಿ ತೆಗೆಸಿದೆ. ನಮ್ಮ ಕನ್ನಡಿಗರು ಎಚ್ಚರವಾಗಿರಲಿ ಎಂದು ಪ್ರಕಟಿಸಿ. ಮತ್ತೆ, ಗ್ಲಾಸಿನಲ್ಲಿ ಬೆರಳು ಅದ್ದಿ ನೀರು ತರುವ ನಮ್ಮ ಉಡುಪಿ ಹೋಟೆಲಿನ ಹುಡುಗರು ಸರ್ವಿಸ್ ಅಂದರೇನು ಅಂತ ಆ ಹಡಗಿನವರನ್ನು ನೋಡಿ ಕಲಿಯಬೇಕು."

ರಾಯರೇ, ಮೊದಲು ನಿಮಗೂ ಅಮ್ಮನವರಿಗೂ ಐವತ್ತರ ಶುಭಾಶಯ. ನಿಮ್ಮ ಪತ್ರವನ್ನು ಪ್ರಕಟಿಸಿದ್ದೇನೆ. ಆದರೆ ನೀವು ಕೇಳಿದ ಎಚ್ಚರಿಕೆಯನ್ನು ನಾನು ಕೊಡಲಾರೆ.

ನಿಮ್ಮ ಕಡೆ ನ್ಯಾಯ ಇಲ್ಲ ಅನ್ನುವುದಿಲ್ಲ. ಬಡಿಸುವವರ ಸಂಬಳ ಕಂಪನಿಯೇ ಕೊಡಬೇಕು. ಅದರ ಖರ್ಚನ್ನು ಟಿಕೆಟಿನಲ್ಲೇ ಸೇರಿಸಿ ಮೊದಲೇ ಹೇಳಬೇಕು. ಸಿಲ್ವರ್‌ಸೀ, ಸೀಬೋರ್ನ್‌ನಂಥ ದುಬಾರಿ ಕಂಪನಿಗಳು ಹಾಗೇ ಮಾಡುತ್ತವೆ. ಅಷ್ಟು ಒಪ್ಪಿದೆ.

ಆದರೆ ನೀವು ಕೌಂಟರಿನಲ್ಲಿ ಗೆದ್ದದ್ದು ಕಂಪನಿಯ ಮೇಲೆ ಅಲ್ಲ. ಆ ದುಡ್ಡು ಹೋಗುವುದು ಬಡಿಸುವ ವೇಟರಿಗೆ, ಅವನ ಅಸಿಸ್ಟೆಂಟಿಗೆ, ನಿಮ್ಮ ಹಾಸಿಗೆ ಸರಿಮಾಡಿದವನಿಗೆ. ಎಷ್ಟೋ ಹಡಗುಗಳಲ್ಲಿ ಕಣ್ಣಿಗೆ ಬೀಳದೆ ಪಾತ್ರೆ ತೊಳೆಯುವವನಿಗೂ ಅದರಲ್ಲಿ ಪಾಲಿದೆ. ವಿದೇಶದ ದೊಡ್ಡ ಹಡಗುಗಳಲ್ಲಿ ಇದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಅಲ್ಲಿ ವೇಟರಿನ ಗಳಿಕೆಯ ದೊಡ್ಡ ಪಾಲು ಇದೇ. ಯಾಕೆ ಅಂದರೆ ಕಂಪನಿಯ ಆಫೀಸು ಮಯಾಮಿಯಲ್ಲಿದ್ದರೂ ಹಡಗಿನ ಮೇಲೆ ಹಾರುವುದು ಬಹಾಮಾಸಿನದೋ ಪನಾಮಾದ್ದೋ ಬಾವುಟ. ಅಮೆರಿಕದ ಕನಿಷ್ಠ ಕೂಲಿಯ ಕಾನೂನು ಆ ಬಾವುಟದ ಕೆಳಗೆ ಕೆಲಸ ಮಾಡುವ ಮುಂಬಯಿಯ ಹುಡುಗನಿಗೆ ಸಿಗುವುದಿಲ್ಲ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಕಾರ್ಕಳ ಕಡೆಯ ಒಂದು ಮನೆ ಇದೆ. ಮಗ ಆರು ವರ್ಷ ಅಂಥ ಹಡಗುಗಳಲ್ಲಿ ಅಸಿಸ್ಟೆಂಟ್ ವೇಟರ್ ಆಗಿದ್ದ. ರಜೆಗೆ ಬಂದಾಗ ಅವನನ್ನು ಕೂರಿಸಿಕೊಂಡು ಕೇಳುವುದು ನನಗೆ ಅಭ್ಯಾಸವಾಗಿತ್ತು. ದೊಡ್ಡ ಡೈನಿಂಗ್ ರೂಮಿನಲ್ಲಿ ರಾತ್ರಿ ಎರಡು ಪಂಕ್ತಿ. ಆರು ಗಂಟೆಗೆ ಒಂದು, ಎಂಟೂವರೆಗೆ ಇನ್ನೊಂದು. ನಡುವೆ ಮೇಜುಬಟ್ಟೆ ಬದಲಿಸಿ, ಚಮಚ, ಮುಳ್ಳುಚಮಚ, ಗ್ಲಾಸು ಎಲ್ಲ ಮತ್ತೆ ಜೋಡಿಸಬೇಕು. ಪ್ರತಿ ಕುರ್ಚಿಗೂ ಒಂದು ನಂಬರು. ಆರ್ಡರ್ ಬರೆದುಕೊಳ್ಳುವುದು ಆ ನಂಬರಿಗೆ. ಅದಕ್ಕೇ ತಟ್ಟೆ ತಂದವನು "ಮೀನು ಯಾರಿಗೆ, ಪಾಸ್ತಾ ಯಾರಿಗೆ" ಎಂದು ಕೇಳದೆ ಸೀದಾ ನಿಮ್ಮ ಮುಂದೆ ಇಡುತ್ತಾನೆ. ಮುಚ್ಚಳ ಹಾಕಿದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ದೊಡ್ಡ ಟ್ರೇ ಹೆಗಲ ಮೇಲೆ. ಕಾಲಡಿಯ ನೆಲ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

ನಿಮ್ಮ ಈರುಳ್ಳಿಯ ವಿಷಯವನ್ನೂ ಅವನಿಗೆ ಹೇಳಿದೆ. ಅವನು ಹೇಳಿದ್ದು ಕೇಳಿ. ಆಗದ ಪದಾರ್ಥ ಇರುವವರ ಊಟವನ್ನು ಹಿಂದಿನ ರಾತ್ರಿಯೇ ಕೇಳಿ ಬರೆದುಕೊಂಡು ಅಡುಗೆಮನೆಗೆ ಕೊಡಬೇಕು. ಮರುದಿನ ಅದನ್ನು ಬೇರೆ ಇಟ್ಟಿದ್ದಾರೋ ಇಲ್ಲವೋ ಹೋಗಿ ನೋಡಬೇಕು. ಇಡದಿದ್ದರೆ ಅಲ್ಲಿ ನಿಂತು ಮಾಡಿಸಬೇಕು. ಅಷ್ಟು ಹೊತ್ತು ತನ್ನ ಉಳಿದ ಮೇಜುಗಳಿಂದ ಬೈಸಿಕೊಳ್ಳಬೇಕು. ನಿಮ್ಮ ತಟ್ಟೆ ತಾನಾಗಿ ಬರಲಿಲ್ಲ ರಾಯರೇ. ಪ್ರತಿ ರಾತ್ರಿ ಯಾರೋ ಒಬ್ಬ ಅದರ ಹಿಂದೆ ಬಿದ್ದಿದ್ದ.

ನಾಲ್ಕು ಪುಟದ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಹಿತಿಂಡಿಗಳ ಹೆಸರು ಇದೆ. ಲಿಫ್ಟಿನ ಗಾಜು, ಮೆಟ್ಟಿಲ ಹಿತ್ತಾಳೆ, ಈಜುಕೊಳ, ರಾತ್ರಿಯ ಜಾದೂ ಪ್ರದರ್ಶನ ಎಲ್ಲ ಇದೆ. ಆ ಹುಡುಗನ ಹೆಸರು ಇಲ್ಲ. ಅವನ ಎದೆಯ ಮೇಲೆ ಅದು ಬರೆದಿತ್ತು.

ಅವನ ದಿನ ಎಷ್ಟು ಉದ್ದ ಅಂತಲೂ ತಿಳಿದುಕೊಳ್ಳಿ. ಹಡಗಿನ ಕೆಲಸಗಾರರಿಗೆಂದು 2006ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಜಾರಿಗೆ ಬಂದದ್ದು 2013ರ ಆಗಸ್ಟಿನಲ್ಲಿ. ಭಾರತ 2015ರಲ್ಲಿ ಸೇರಿತು. ಕೆಲಸಗಾರರನ್ನು ಕಾಪಾಡಲು ಬಂದ ಆ ಒಪ್ಪಂದದ ಪ್ರಕಾರವೂ ದಿನಕ್ಕೆ ಹತ್ತು ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಟ್ಟರೆ ಸಾಕು. ದಿನದ ವಿಶ್ರಾಂತಿಯನ್ನು ಎರಡು ತುಂಡು ಮಾಡಬಹುದು, ಒಂದು ತುಂಡು ಆರು ಗಂಟೆಗೆ ಕಡಿಮೆ ಇರಬಾರದು, ಅಷ್ಟೇ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಎರಡು ಪಂಕ್ತಿ. ಭಾನುವಾರ ಅನ್ನುವುದು ಇಲ್ಲ. ಆರೇಳು ತಿಂಗಳು ಹೀಗೇ. ಕೆಳಗಿನ ಡೆಕ್ಕಿನಲ್ಲಿ ಕಿಟಕಿಯಿಲ್ಲದ ಕೋಣೆ, ಮೇಲೊಬ್ಬ ಕೆಳಗೊಬ್ಬ ಮಲಗುವ ಮಂಚ.

ಇನ್ನೂ ಒಂದು ಸಂಗತಿ ಇದೆ. ಹಡಗು ಹೊರಡುವ ಮೊದಲು ಅಪಾಯದ ಹೊತ್ತಿನಲ್ಲಿ ಎಲ್ಲಿ ಸೇರಬೇಕು ಎಂದು ತೋರಿಸಿದರಲ್ಲ, ಲೈಫ್ ಜಾಕೆಟ್ ಕಟ್ಟುವುದು ಹೇಳಿಕೊಟ್ಟರಲ್ಲ? ಹಾಗೆ ಹೇಳಿಕೊಡುವವರಲ್ಲಿ ವೇಟರುಗಳೂ ಇರುತ್ತಾರೆ. ಹಡಗಿನ ಕೆಲಸಕ್ಕೆ ಸೇರುವ ಮೊದಲು ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಎಲ್ಲ ಕಲಿತು ಪಾಸಾಗಿರಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ ಮಗುಚಿತು. ಸತ್ತವರು 32 ಜನ. ಎಲ್ಲ ಪ್ರಯಾಣಿಕರು ಇಳಿಯುವ ಮೊದಲೇ ಕಪ್ತಾನ ಹಡಗು ಬಿಟ್ಟಿದ್ದ, ಈ ದುರಂತದ ಕೇಸಿನಲ್ಲಿ ಜೈಲಿಗೂ ಹೋದ. ಸತ್ತವರಲ್ಲಿ ಮುಂಬಯಿಯ ಒಬ್ಬ ವೇಟರ್ ಇದ್ದರು. ಪ್ರಯಾಣಿಕರಿಗೆ ಸಹಾಯ ಮಾಡುತ್ತಿದ್ದುದೇ ಅವರನ್ನು ಕೊನೆಯದಾಗಿ ಕಂಡದ್ದು ಎಂದು ವರದಿಯಾಗಿತ್ತು. ಅವರ ದೇಹ ಎಲ್ಲರಿಗಿಂತ ಕೊನೆಗೆ, 2014ರ ನವೆಂಬರಿನಲ್ಲಿ ಸಿಕ್ಕಿತು. ಹತ್ತಿರ ಹತ್ತಿರ ಮೂರು ವರ್ಷ ಮನೆಯವರು ಕಾದರು. ಟಿಪ್ಸಿನ ಲೆಕ್ಕ ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಈಗ ಗ್ಲಾಸಿನಲ್ಲಿ ಅದ್ದಿದ ಬೆರಳಿನ ವಿಷಯಕ್ಕೆ ಬರುತ್ತೇನೆ. ಈ ಮಾತು ನನಗೆ ಜಾಸ್ತಿ ನೋವು ಮಾಡಿತು. ಯಾಕೆಂದರೆ ಅದು ನನ್ನ ಬೆರಳು.

1970ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿಗೆ ಬಂದೆ. ಆಗ ನನಗೆ ಹನ್ನೆರಡು. ಮೊದಲು ಕಪ್ಪು ಬಸಿ ತೊಳೆಯುವುದು, ಆಮೇಲೆ ಮೇಜು ಒರೆಸುವುದು. ಸಪ್ಲೈಯರ್ ಆಗಲು ಮೂರು ವರ್ಷ ಬೇಕಾಯಿತು. ಎಂಟು ಮೇಜಿಗೆ ಒಬ್ಬ ಹುಡುಗ. ಒಂದೇ ಕೈಯಲ್ಲಿ ನಾಲ್ಕು ಗ್ಲಾಸು ಎತ್ತಿ ತಾ ಅಂದರೆ ಬೆರಳು ಎಲ್ಲಿಗೆ ಹೋಗಬೇಕು ನೀವೇ ಹೇಳಿ. ಟ್ರೇ ಕೊಡಿ ಅಂತ ಕೇಳಿದ್ದೆವು. ಟ್ರೇ ಬರಲಿಲ್ಲ.

ಅಲ್ಲಿ ಒಬ್ಬ ಹಿರಿಯ ಸಪ್ಲೈಯರ್ ಇದ್ದರು. ಇಡೀ ಹೋಟೆಲಿಗೆ ಅವರು 'ಭಾವ'. ಆರು ಮೇಜಿನ ಆರ್ಡರನ್ನು ಚೀಟಿ ಇಲ್ಲದೆ ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಎಡಗೈ ಮೇಲೆ ಐದು ದೋಸೆ ತಟ್ಟೆ. ಗಿರಾಕಿ ಎದ್ದು ಗಲ್ಲಾ ಕಡೆ ಹೊರಟರೆ ಹಿಂದಿನಿಂದಲೇ ಲೆಕ್ಕ ಕೂಗುತ್ತಿದ್ದರು, ಒಂದು ಪೈಸೆ ತಪ್ಪುತ್ತಿರಲಿಲ್ಲ. ನನಗೆ ಬಡಿಸಲು ಕಲಿಸಿದವರು ಅವರೇ. ಮೊದಲು ನೀರು, ಆಮೇಲೆ ಮಾತು. ಇಡ್ಲಿಗೆ ಸಾಂಬಾರು ಮುಗಿಯುವ ಮೊದಲೇ ಬಟ್ಟಲು ನೋಡು. ಮಗು ಇದ್ದರೆ ಬಿಸಿ ಗ್ಲಾಸು ಮಗುವಿನಿಂದ ದೂರ ಇಡು. ಹೈಕೋರ್ಟು ಹತ್ತಿರವೇ ಇತ್ತು. ಕೇಸು ಸೋತ ಜನ ಬಂದು ಒಂದು ಚಹಾ ಹೇಳಿ ಸುಮ್ನೆ ಕೂತಿರುತ್ತಿದ್ದರು. ಮಾಲೀಕರು ಗಲ್ಲಾದಿಂದ ಕಣ್ಣು ಬಿಡುತ್ತಿದ್ದರು, ಮೇಜು ಖಾಲಿ ಮಾಡಿಸು ಅಂತ. ಭಾವ ನನ್ನ ತೋಳು ಹಿಡಿದು ಹೇಳುತ್ತಿದ್ದರು, "ಅವರ ಹತ್ರ ಈಗ ಹೋಗಬೇಡ. ಬೇಕಾದರೆ ಇನ್ನೊಂದು ನೀರು ಇಟ್ಟು ಬಾ."

ಯಾವ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಇದನ್ನು ಕಲಿಸುತ್ತಾರೆ? ರಾತ್ರಿ ಶಾಲೆಗೆ ಹೊರಡುವಾಗ ನನ್ನ ಪಾಲಿನ ಮೇಜುಗಳನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ನಾನು ಮೆಟ್ರಿಕ್ ಮುಗಿಸಿದ್ದು, ಕನ್ನಡದಲ್ಲಿ ನಾಲ್ಕು ಅಕ್ಷರ ಬರೆದದ್ದು, ಇವತ್ತು ಈ ಕುರ್ಚಿಯಲ್ಲಿ ಕೂತದ್ದು, ಎಲ್ಲದರಲ್ಲೂ ಅವರ ಪಾಲಿದೆ. ಒಂದು ಮಳೆಗಾಲ ಜ್ವರ ಬಂದು ಊರಿಗೆ ಹೋದವರು ವಾಪಸು ಬರಲಿಲ್ಲ. ಅವರ ನಿಜವಾದ ಹೆಸರು ಏನು, ಯಾವ ಊರು, ನನಗೆ ಗೊತ್ತಿಲ್ಲ. ಆಗ ಕೇಳಲಿಲ್ಲ. ಆಮೇಲೆ ಕೇಳಲು ಯಾರೂ ಉಳಿದಿರಲಿಲ್ಲ. ನಿಮ್ಮ ಪತ್ರ ಓದಿ ನಾನು ಯಾಕೆ ಇಷ್ಟು ಕಳವಳಗೊಂಡೆ ಎಂದು ಈಗ ಅರ್ಥ ಆಯ್ತು ಅಲ್ವಾ?

ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರೆಲ್ಲ ಹೋಟೆಲುಗಳ ಬಗ್ಗೆ ಬರೆಯುತ್ತಾರೆ. ಬರೆಯಲೇಬೇಕು. ಮಾಟುಂಗಾ ಸ್ಟೇಷನ್ ಪಕ್ಕ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇವತ್ತಿಗೂ ಬಾಳೆ ಎಲೆಯ ಊಟಕ್ಕೆ ಜನ ಕ್ಯೂ ನಿಲ್ಲುತ್ತಾರೆ. ಆ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆಗೆದು ನೋಡಿ. ನನ್ನ ಕಪಾಟಿನಲ್ಲಿ ನಲವತ್ತಕ್ಕೂ ಹೆಚ್ಚು ಇವೆ. ಮಾಲೀಕರ ಫೋಟೊ, ಪದಾಧಿಕಾರಿಗಳ ಫೋಟೊ, ದಾನಿಗಳ ಫೋಟೊ. ಮೂವತ್ತು ವರ್ಷ ಒಂದೇ ಹೋಟೆಲಿನಲ್ಲಿ ಬಡಿಸಿ, ರಾತ್ರಿ ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗಿ, ಊರಿಗೆ ಮನಿಯಾರ್ಡರ್ ಕಳಿಸಿ ತಂಗಿಯರ ಮದುವೆ ಮಾಡಿದವನ ಒಂದೇ ಒಂದು ಫೋಟೊ ತೋರಿಸಿ ನೋಡೋಣ.

ಈಗಿನ ಮದುವೆ ಮಂಟಪಗಳಲ್ಲೂ ಅದೇ. ಹೋದ ತಿಂಗಳು ಠಾಣೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಬಫೆ. ಇಪ್ಪತ್ತೆಂಟು ಪದಾರ್ಥ ಎಣಿಸಿದೆ. ಕ್ಯಾಟರಿಂಗ್ ಹುಡುಗರಿಗೆ ಕೋಟು, ಬಿಳಿ ಕೈಗವಸು. ಮಧ್ಯಾಹ್ನ ನಾಲ್ಕು ಗಂಟೆಗೆ ಕೈ ತೊಳೆಯಲು ಹಿಂದೆ ಹೋದರೆ ಅದೇ ಹುಡುಗರು ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅನ್ನ, ಸಾರು ತಿನ್ನುತ್ತಿದ್ದರು. ಪಂಕ್ತಿ ಊಟದ ಕಾಲದಲ್ಲಿ ಬಡಿಸಿದವರದೇ ಒಂದು ಕೊನೆಯ ಪಂಕ್ತಿ ಇರುತ್ತಿತ್ತು. ಮನೆಯ ಯಜಮಾನ ನಿಂತು ಅವರಿಗೆ ಬಡಿಸುತ್ತಿದ್ದ. ಅದನ್ನು ಯಾವಾಗ ಬಿಟ್ಟೆವು?

ಹಡಗಿನ ಕೆಲಸ ಕೊಡಿಸುತ್ತೇವೆ ಎಂದು ನಮ್ಮ ಹುಡುಗರಿಂದ ಲಕ್ಷಗಟ್ಟಲೆ ಕೀಳುವ ಏಜೆಂಟರ ಬಗ್ಗೆಯೂ ಹೇಳಿಬಿಡುತ್ತೇನೆ. ಮೇಲೆ ಹೇಳಿದ ಒಪ್ಪಂದದಲ್ಲೇ ಇದೆ, ಕೆಲಸ ಕೊಡಿಸಲು ಕೆಲಸಗಾರನಿಂದ ದುಡ್ಡು ಕೇಳುವಂತಿಲ್ಲ. ಇಲ್ಲಿ ಹಡಗುಗಳ ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿ.ಜಿ. ಶಿಪ್ಪಿಂಗ್‌ನ ಲೈಸೆನ್ಸ್ ಇರುವವರು ಮಾತ್ರ ಭರ್ತಿ ಮಾಡಬಹುದು. ಎಚ್ಚರಿಕೆ ಕೊಡಬೇಕಾದರೆ ಈ ಎಚ್ಚರಿಕೆ ಕೊಡುತ್ತೇನೆ. ಮನೆಯಲ್ಲಿ ಹಡಗಿನ ಕನಸು ಕಾಣುವ ಹುಡುಗ ಹುಡುಗಿಯರಿದ್ದರೆ ದಯವಿಟ್ಟು ಲೈಸೆನ್ಸ್ ನೋಡಿದ ಮೇಲೆಯೇ ಮುಂದಿನ ಮಾತು.

ರಾಯರೇ, ನೀವು ಒಳ್ಳೆಯ ಮನುಷ್ಯರು. ಇಪ್ಪತ್ತು ವರ್ಷಗಳಿಂದ ನಮಗೆ ಬರೆಯುತ್ತಿದ್ದೀರಿ, ನಮ್ಮ ತಪ್ಪು ತಿದ್ದಿದ್ದೀರಿ, ಚಂದಾ ಒಂದು ವರ್ಷವೂ ತಪ್ಪಿಸಿಲ್ಲ. ಅದಕ್ಕೇ ಸಲಿಗೆಯಿಂದ ಕೇಳುತ್ತಿದ್ದೇನೆ. ಮೂರನೇ ಮಹಡಿಯ ಹುಡುಗ ಹೇಳಿದ ಪ್ರಕಾರ, ಪ್ರಯಾಣಿಕರು ಹೆಸರು ಹಿಡಿದು ಹೊಗಳಿ ಬರೆದರೆ ಅದು ಕೆಲಸಗಾರನ ದಾಖಲೆಗೆ ಸೇರುತ್ತದೆ. ಮುಂದಿನ ಕಾಂಟ್ರಾಕ್ಟಿಗೂ ಬಡ್ತಿಗೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹತ್ತಿರ ಹೆಸರಿಲ್ಲ, ಆದರೆ ತಾರೀಖು ಇದೆ, ಕ್ಯಾಬಿನ್ ನಂಬರು ಇದೆ. ಯಾವ ಪಂಕ್ತಿ, ಯಾವ ಮೇಜು ಅಂತ ಅಮ್ಮನವರಿಗೆ ನೆನಪಿರಬಹುದು, ಕೇಳಿ ನೋಡಿ. ಅಷ್ಟು ಬರೆದು ಕಂಪನಿಗೆ ಒಂದು ಪತ್ರ ಹಾಕಿ. ತೆಗೆಸಿದ ದುಡ್ಡನ್ನು ಅವನಿಗೆ ಮುಟ್ಟಿಸಲು ದಾರಿ ಇದೆಯೇ ಎಂದು ಅದರಲ್ಲೇ ಕೇಳಿ. ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟವಾದರೆ ನಮಗೆ ಕಳಿಸಿ, ಆಫೀಸಿನಲ್ಲಿ ಬರೆದುಕೊಡುತ್ತೇವೆ.

ಉತ್ತರ ಬಂದರೆ ಅವನ ಹೆಸರು ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ. 1970ರ ಸುಮಾರಿಗೆ ಫೋರ್ಟಿನ ಹೋಟೆಲುಗಳಲ್ಲಿ ಕೆಲಸ ಮಾಡಿದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಹೈಕೋರ್ಟಿನ ಹತ್ತಿರದ ಗಲ್ಲಿಯಲ್ಲಿ ಎಲ್ಲರೂ ಭಾವ ಎಂದು ಕರೆಯುತ್ತಿದ್ದ, ಎಡಗಿವಿ ಸ್ವಲ್ಪ ಮಂದವಾಗಿದ್ದ ಒಬ್ಬ ಸಪ್ಲೈಯರ್ ನೆನಪಿದ್ದಾರೆಯೇ? ನೆನಪಿದ್ದರೆ ಒಂದು ಕಾರ್ಡು ಬರೆಯಿರಿ.

ಸಂಪಾದಕ