ಆಡಿದ ಮಾತು ಉಳಿಯದು, ಕರೆಯ ಗುರುತು ಉಳಿಯುತ್ತದೆ

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರ ಕಾಫಿ ತೋಟ ನೋಡಿಕೊಳ್ಳುತ್ತೇನೆ. ನಮ್ಮ ಕರೆಗಳ ವಿವರವನ್ನು ಮೊಬೈಲ್ ಕಂಪನಿಗಳು ಎರಡು ವರ್ಷ ಇಟ್ಟುಕೊಳ್ಳಬೇಕಂತೆ. ಆಡಿದ ಮಾತೂ ಅದರಲ್ಲಿರುತ್ತದೆಯೇ? ತಪ್ಪು ಮಾಡದವರಿಗೆ ಭಯವೇಕೆ ಎನ್ನುತ್ತಾರೆ ಗೆಳೆಯರು. ನನ್ನ ದಾಖಲೆಯನ್ನು ಅಳಿಸಿ ಎಂದು ಕೇಳಬಹುದೇ?

ಉತ್ತರ: ನಿಯಮ ಇರುವುದು ನಿಜ. ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತನ್ನು ತಿದ್ದಿ, ಒಂದು ವರ್ಷವಿದ್ದ ಅವಧಿಯನ್ನು ಕನಿಷ್ಠ ಎರಡು ವರ್ಷಕ್ಕೆ ಏರಿಸಿತು. ಆಡಿದ ಮಾತು ಅದರಲ್ಲಿರುವುದಿಲ್ಲ. ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರ್ ಮೂಲಕ ಎಂಬ ವಿವರವಿರುತ್ತದೆ. ಪೊಲೀಸರು ಸಿಡಿಆರ್ ಎನ್ನುವುದು ಇದನ್ನೇ. ಮಾತನ್ನು ಕದ್ದಾಲಿಸಲು ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಸಿಡಿಆರ್‌ಗೆ ಎಸ್‌ಪಿ ದರ್ಜೆಯ ಅಧಿಕಾರಿಯ ಕೋರಿಕೆ ಸಾಕಾಗುತ್ತದೆ.

ಮಾತಿಲ್ಲದ ಪಟ್ಟಿಯಿಂದ ಏನು ತಿಳಿದೀತು ಎಂದು ನಿಮ್ಮ ಗೆಳೆಯರು ಕೇಳಬಹುದು. ಒಬ್ಬರು ಬೆಳಿಗ್ಗೆ ಹಾಸನದ ಕ್ಯಾನ್ಸರ್ ತಜ್ಞರಿಗೆ, ಮಧ್ಯಾಹ್ನ ವಿಮೆ ಕಂಪನಿಗೆ, ರಾತ್ರಿ ಹನ್ನೊಂದಕ್ಕೆ ದೂರದ ಊರಿನ ಮಗಳಿಗೆ ಒಂದು ಗಂಟೆ ಕರೆ ಮಾಡಿದರೆ, ಒಂದಕ್ಷರ ಕೇಳದೆಯೂ ಆ ಮನೆಯ ಸಂಕಟ ಗೊತ್ತಾಗುತ್ತದೆ. ಅವರು ಮಾಡಿದ ತಪ್ಪು ಯಾವುದೂ ಇಲ್ಲ, ಆದರೂ ಅದು ಇನ್ನೊಬ್ಬರ ಕಣ್ಣಿಗೆ ಬೀಳಬೇಕಾದ ಸಂಗತಿಯಲ್ಲ.

ನಿಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಪೇಟೆಯಲ್ಲಿ ಟವರ್‌ಗಳು ಒತ್ತೊತ್ತಾಗಿರುವುದರಿಂದ ಫೋನ್ ಇದ್ದ ಜಾಗವನ್ನು ಸುಮಾರಾಗಿ ಹೇಳಬಹುದು. ಮಲೆನಾಡಿನಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ಆವರಿಸುತ್ತದೆ, ಗುಡ್ಡ ಅಡ್ಡ ಬಂದರೆ ಹತ್ತಿರದ್ದನ್ನು ಬಿಟ್ಟು ಕಣಿವೆಯಾಚೆಯ ಟವರ್‌ಗೆ ಫೋನ್ ಸೇರಿಕೊಳ್ಳುವುದೂ ಉಂಟು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಮಲಗಿದ್ದವರನ್ನು ದಾಖಲೆಯು ಬೇರೊಂದು ಊರಿನ ಆಸುಪಾಸಿನಲ್ಲಿ ತೋರಿಸಬಹುದು. ತನಿಖೆಯಲ್ಲಿ ಇದನ್ನೇ ಗಟ್ಟಿ ಸಾಕ್ಷ್ಯವೆಂದು ಹಿಡಿದರೆ ನಿರಪರಾಧಿಗೆ ತೊಂದರೆ ತಪ್ಪಿದ್ದಲ್ಲ.

ಯುರೋಪ್ ಒಕ್ಕೂಟ 2006ರಲ್ಲಿ ಎಲ್ಲರ ದಾಖಲೆಯನ್ನು ಆರು ತಿಂಗಳಿಂದ ಎರಡು ವರ್ಷದವರೆಗೆ ಇಡಬೇಕೆಂದು ವಿಧಿಸಿತ್ತು. ಐರ್ಲೆಂಡ್‌ನ ಡಿಜಿಟಲ್ ಹಕ್ಕುಗಳ ಸಂಘಟನೆಯೊಂದು ಹೂಡಿದ ಮೊಕದ್ದಮೆಯೂ ಸೇರಿದ್ದ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ 2014ರ ಏಪ್ರಿಲ್ 8ರಂದು ಅದನ್ನು ರದ್ದುಪಡಿಸಿತು. ಅಪರಾಧದೊಂದಿಗೆ ಯಾವ ನಂಟೂ ಇಲ್ಲದವರ ವಿವರವನ್ನೂ ಕೂಡಿಡುವುದು ಅಗತ್ಯವನ್ನು ಮೀರಿದ್ದೆಂಬುದು ಮುಖ್ಯ ಆಕ್ಷೇಪ. ಅಪರಾಧ ಪತ್ತೆಗೆ ಕರೆ ವಿವರ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಸಂಶಯಕ್ಕೆ ಒಳಗಾದವರ ದಾಖಲೆಯನ್ನು ನ್ಯಾಯಾಧೀಶರ ಆದೇಶದ ಮೇಲೆ ಕಾಯ್ದಿಡುವ ದಾರಿಯಿರುವಾಗ ಇಡೀ ಜಿಲ್ಲೆಯವರದ್ದನ್ನು ಇಡುವುದು ಸರಿಯಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದಾರೆ. ಅದನ್ನು ಮೊಟಕುಗೊಳಿಸುವ ಕ್ರಮವು ಅಗತ್ಯಕ್ಕೆ ತಕ್ಕಷ್ಟೇ ಇರಬೇಕೆಂಬ ಅಳತೆಗೋಲು ಆ ತೀರ್ಪಿನಲ್ಲೇ ಇದೆ.

ಅಳಿಸುವ ಕೋರಿಕೆ ಸದ್ಯಕ್ಕೆ ಫಲಿಸದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಅಳಿಸುವ ಹಕ್ಕನ್ನು ಹೇಳುತ್ತದಾದರೂ, ಬೇರೊಂದು ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ ಮಾಹಿತಿಯನ್ನು ಅದರಿಂದ ಹೊರಗಿಟ್ಟಿದೆ. ನಿಮ್ಮ ಸಿಡಿಆರ್ ಇರುವುದು ಈ ಸಾಲಿನಲ್ಲೇ.